ಹಾರ್ವಿ ಕಾಮಿಕ್ಸ್: ರಿಚಿ ರಿಚ್, ಕ್ಯಾಸ್ಪರ್ ಮತ್ತು ಮೂವರು ಅಣ್ಣತಮ್ಮಂದಿರು – ಪದೇ ಪದೇ ಕೇಳುವ ಪ್ರಶ್ನೆಗಳು

ರಿಚಿ ರಿಚ್ ಅಂದರೆ ಸಾಕು, ನಲವತ್ತು ದಾಟಿದವರು ಮಾತಿಗೆ ಕೂತುಬಿಡುತ್ತಾರೆ. ಆ ಪುಸ್ತಕಗಳನ್ನು ಅಚ್ಚು ಹಾಕಿದ್ದು ಯಾರು ಅಂತ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು. ಹಕ್ಕು, ಕೋರ್ಟು, ಮಾರಾಟದ ಗೋಜಲು ಕೊನೆಗೆ.

## ಮೊದಲ ಪರಿಚಯ

ಹಾರ್ವಿ ಕಾಮಿಕ್ಸ್ ಅಂದ್ರೆ ಯಾವುದು? ನಾನು ಓದಿದ್ದೀನಾ?

ಕಪ್ಪು ಕೋಟು, ದೊಡ್ಡ ಕೆಂಪು ಬೋ, ನೀಲಿ ಚಡ್ಡಿ ಹಾಕಿದ ಚಿನ್ನದ ಕೂದಲಿನ ಹುಡುಗ ನೆನಪಿದ್ದರೆ ನೀವು ಹಾರ್ವಿ ಓದಿದ್ದೀರಿ. ಅವನೇ ರಿಚಿ ರಿಚ್. ಯಾರನ್ನೂ ಹೆದರಿಸಲು ಇಷ್ಟಪಡದ ಪುಟ್ಟ ದೆವ್ವ ಕ್ಯಾಸ್ಪರ್, ಒಳ್ಳೆಯ ಮಾಟಗಾತಿ ಹುಡುಗಿ ವೆಂಡಿ, ಡೈಪರ್ ಹಾಕಿದ ಕೆಂಪು ಮರಿಭೂತ ಹಾಟ್ ಸ್ಟಫ್, ಚುಕ್ಕಿ ಕಂಡರೆ ಮೈಮರೆಯುವ ಲಿಟಲ್ ಡಾಟ್, ಎಷ್ಟು ತಿಂದರೂ ಸಾಲದ ಲಿಟಲ್ ಲೋಟಾ ಇವರೆಲ್ಲ ಒಂದೇ ಮನೆಯವರು. ನ್ಯೂಯಾರ್ಕಿನ ಹಾರ್ವಿ ಪಬ್ಲಿಕೇಷನ್ಸ್ 1940ರ ದಶಕದ ಶುರುವಿನಿಂದ 1980ರ ದಶಕದ ಕೊನೆಯವರೆಗೆ ಒಂದು ಕುಟುಂಬದ ಕೈಯಲ್ಲಿತ್ತು. ಮುಖಪುಟದ ಮೂಲೆಯಲ್ಲಿ ಪೆಟ್ಟಿಗೆಯಿಂದ ಚಂಗನೆ ಮೇಲೇಳುವ ಗೊಂಬೆ ಅವರ ಗುರುತು.

ಹಾರ್ವಿ ಅನ್ನೋದು ಒಬ್ಬರ ಹೆಸರಾ, ಮನೆತನದ ಹೆಸರಾ?

ಮೊದಲು ಒಬ್ಬರದು, ಆಮೇಲೆ ಎಲ್ಲರದು. ಸ್ಥಾಪಕ ಅಲ್ಫ್ರೆಡ್ ಹಾರ್ವಿ 1913ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ರಷ್ಯಾ ಕಡೆಯಿಂದ ವಲಸೆ ಬಂದ ಯಹೂದಿ ಕುಟುಂಬ. ಹುಟ್ಟು ಹೆಸರು ಅಲ್ಫ್ರೆಡ್ ವಿಯೆರ್ನಿಕಾಫ್. ನ್ಯೂಯಾರ್ಕಿನ ಕಾಮಿಕ್ಸ್ ಲೋಕದಲ್ಲಿ ಆಗ ಹೀಗೆ ಹೆಸರು ಬದಲಿಸಿಕೊಂಡ ವಲಸಿಗರ ಮಕ್ಕಳು ತುಂಬಾ ಜನ ಇದ್ದರು. ಕಂಪನಿ ಶುರುವಾದ ಸ್ವಲ್ಪ ದಿನದಲ್ಲೇ ಅವಳಿ ಸಹೋದರರಾದ ಲಿಯಾನ್ ಮತ್ತು ರಾಬರ್ಟ್ ಬಂದು ಸೇರಿದರು. ಲಿಯಾನ್ ಹೆಸರು ಸಂಪಾದಕನಾಗಿ ಅಚ್ಚಾಗುತ್ತಿತ್ತು, ರಾಬರ್ಟ್ ವ್ಯವಹಾರದ ಕಡೆ ನೋಡಿಕೊಂಡರು. ಮೂವರೂ ಹಾರ್ವಿ ಹೆಸರನ್ನೇ ಇಟ್ಟುಕೊಂಡರು.

ಶುರು ಮಾಡಿದ್ದು ಯಾವಾಗ, ದುಡ್ಡು ಎಲ್ಲಿಂದ ಬಂತು?

ಅಲ್ಫ್ರೆಡ್ ಮೊದಲು ಫಾಕ್ಸ್ ಎಂಬ ಕಾಮಿಕ್ಸ್ ಕಂಪನಿಯಲ್ಲಿ ಕೆಲಸ ಮಾಡಿ ಕಸುಬು ಕಲಿತರು. ಬ್ರೂಕ್‌ವುಡ್ ಎಂಬ ಸಣ್ಣ ಪ್ರಕಾಶನ ಸೋಲುತ್ತಿದ್ದಾಗ ಅದರ 'ಸ್ಪೀಡ್ ಕಾಮಿಕ್ಸ್' ಪತ್ರಿಕೆಯನ್ನು ಕೊಂಡುಕೊಂಡರು. ಕಂಪನಿಯ ಹುಟ್ಟು ಅಂತ ಸಾಮಾನ್ಯವಾಗಿ 1941 ಅನ್ನುತ್ತಾರೆ. ಅಂದರೆ ಹೊಸದಾಗಿ ಏನನ್ನೂ ಕಟ್ಟದೆ, ಇನ್ನೊಬ್ಬರು ಕೈಬಿಟ್ಟಿದ್ದನ್ನು ಎತ್ತಿಕೊಂಡೇ ಅಂಗಡಿ ತೆರೆದರು. ಈ ಬುದ್ಧಿ ಮುಂದೆಯೂ ಅವರನ್ನು ಕಾಪಾಡಿತು. ಕ್ಯಾಸ್ಪರ್ ಕೂಡ ಅವರ ಮನೆಯಲ್ಲಿ ಹುಟ್ಟಿದ ಮಗು ಅಲ್ಲ.

ಅಲ್ಫ್ರೆಡ್‌ರ ಸ್ವಂತ ಮೊದಲ ಪ್ರಯೋಗ 1941ರ 'ಪಾಕೆಟ್ ಕಾಮಿಕ್ಸ್'. ಜೇಬಿಗೆ ಹಿಡಿಯುವ ಅಳತೆ, ನೂರು ಪುಟ, ಬೆಲೆ 10 ಸೆಂಟ್. ನಾಲ್ಕೇ ಸಂಚಿಕೆಗೆ ನಿಂತುಹೋಯಿತು. ಜೇಬಿಗೆ ಹಿಡಿಯುತ್ತಿದ್ದ ಕಾರಣಕ್ಕೇ ಹುಡುಗರು ದುಡ್ಡು ಕೊಡದೆ ಜೇಬಿಗೆ ಇಳಿಸುತ್ತಿದ್ದರು ಅಂತ ಕಾಮಿಕ್ಸ್ ವಲಯದಲ್ಲಿ ಒಂದು ಮಾತಿದೆ. ಕಥೆ ಚೆನ್ನಾಗಿದೆ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ಸೂಪರ್‌ಹೀರೋಗಳು ಇರ್ಲೇ ಇಲ್ವಾ?

ಇದ್ದರು, ಆದರೆ ನಿಲ್ಲಲಿಲ್ಲ. ಹಗಲಲ್ಲಿ ಹಾಲಿವುಡ್ ನಟಿ, ರಾತ್ರಿ ಕಳ್ಳರನ್ನು ಬಡಿಯುವ 'ಬ್ಲ್ಯಾಕ್ ಕ್ಯಾಟ್' ಆ ಪಾಕೆಟ್ ಕಾಮಿಕ್ಸ್‌ನಲ್ಲೇ ಹುಟ್ಟಿದಳು, ಸುಮಾರು ವರ್ಷ ಓಡಿದಳು. ರೇಡಿಯೋದಿಂದ ಬಂದ ಗ್ರೀನ್ ಹಾರ್ನೆಟ್ ಇದ್ದ. ಅಲ್ಫ್ರೆಡ್‌ಗೆ ಹಳೆಯ ಗೆಳೆಯನಾಗಿದ್ದ ಜೋ ಸೈಮನ್, ಜ್ಯಾಕ್ ಕರ್ಬಿ ಜೊತೆ ಸೇರಿ 1946ರಲ್ಲಿ 'ಸ್ಟಂಟ್‌ಮ್ಯಾನ್' ಮಾಡಿದರು. ಯುದ್ಧ ಮುಗಿದು ಕಾಗದ ಸಿಗತೊಡಗಿದ ಕಾಲ ಅದು. ಎಲ್ಲರೂ ಒಟ್ಟಿಗೆ ಪುಸ್ತಕ ಸುರಿದರು, ಅಂಗಡಿಯಲ್ಲಿ ಜಾಗವೇ ಸಾಲಲಿಲ್ಲ. 1965ರ ಸುಮಾರಿಗೆ ಸೈಮನ್ ಸಂಪಾದಕತ್ವದಲ್ಲಿ ಇನ್ನೊಂದು ಸಲ ಹೀರೋಗಳನ್ನು ಇಳಿಸಿ ನೋಡಿದರು. ಎರಡು ವರ್ಷದೊಳಗೆ ಅದೂ ಮುಗಿಯಿತು.

ನಮ್ಮ ಕಡೆ ಫ್ಯಾಂಟಮ್ ಬಂದಿದ್ದು ಹಾರ್ವಿಯಿಂದಾನಾ?

ಇಲ್ಲ. 1957ರಲ್ಲಿ ಶುರುವಾದ 'ಹಾರ್ವಿ ಹಿಟ್ಸ್' ಮಾಲಿಕೆಯ ಮೊದಲ ಸಂಚಿಕೆ ಫ್ಯಾಂಟಮ್‌ದೇ, ಅದು ನಿಜ. ಆದರೆ ಹಕ್ಕು ಕಿಂಗ್ ಫೀಚರ್ಸ್ ಸಂಸ್ಥೆಯದು, ಹಾರ್ವಿ ಬಾಡಿಗೆದಾರ ಅಷ್ಟೇ. ನಮಗೆ ಕನ್ನಡದಲ್ಲೂ ಸಿಕ್ಕ ಫ್ಯಾಂಟಮ್ ಬಂದಿದ್ದು 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್‌ನಿಂದ. ಅದು ಮುಂಬಯಿಯ ಬೆನೆಟ್ ಕೋಲ್ಮನ್ ಕಂಪನಿಯದು.

ಭಾರತದಲ್ಲಿ ಹಾರ್ವಿ ಪುಸ್ತಕ ಅಷ್ಟೊಂದು ಕಾಣ್ತಿದ್ದಿದ್ದು ಹೇಗೆ?

ಹಳೆ ಪುಸ್ತಕದ ದಾರಿಯಲ್ಲಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಪಾದಚಾರಿ ದಾರಿ, ರೈಲ್ವೆ ನಿಲ್ದಾಣದ ಸ್ಟಾಲು, ದಿನಕ್ಕಿಷ್ಟು ಅಂತ ಬಾಡಿಗೆಗೆ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿ, ಇಲ್ಲೆಲ್ಲ ಮುಖಪುಟ ಕಿತ್ತ, ಅಂಚು ಮಡಚಿದ ರಿಚಿ ರಿಚ್ ಸಿಗುತ್ತಿತ್ತು. ಇಂಗ್ಲಿಷ್ ಸುಲಭ, ಕಥೆ ಚಿಕ್ಕದು. ಕ್ರಮಸಂಖ್ಯೆ ನೋಡುವ ಅಗತ್ಯವೇ ಇಲ್ಲ, ಯಾವ ಸಂಚಿಕೆ ಕೈಗೆ ಬಂದರೂ ಓದಬಹುದು. ಮುಂದಿನ ಸಂಚಿಕೆ ಸಿಗದೇ ಇರುವ ಊರಿಗೆ ಇದಕ್ಕಿಂತ ಒಳ್ಳೆ ಕಾಮಿಕ್ಸ್ ಯಾವುದು ಹೇಳಿ? ಕಾಲೇಜು ಹುಡುಗರ ಬಾಯಲ್ಲಿ "ಅವನೊಬ್ಬ ರಿಚಿ ರಿಚ್" ಅನ್ನೋದು ಇವತ್ತಿಗೂ ಉಳಿದಿದೆ. ಎಷ್ಟೋ ಜನ ಪುಸ್ತಕ ನೋಡದೆಯೇ ಅದನ್ನು ಹೇಳುತ್ತಾರೆ.

## ಪಾತ್ರಗಳು, ಕಥೆಗಳು

ಕ್ಯಾಸ್ಪರ್ ಸತ್ತ ಮಗುವಿನ ದೆವ್ವ ತಾನೇ? ಮಕ್ಕಳಿಗೆ ಇದನ್ನ ಹೇಗೆ ಕೊಡ್ತಿದ್ರು?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಯಾವ ಕಾಲದ ಕ್ಯಾಸ್ಪರ್ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ.

ಸೀಮೂರ್ ರೈಟ್ ಮತ್ತು ಜೋ ಒರಿಯೋಲೋ ಎಂಬ ಇಬ್ಬರು ಇದನ್ನು ಹುಟ್ಟಿಸಿದರು. ಪ್ಯಾರಮೌಂಟ್‌ನ ಫೇಮಸ್ ಸ್ಟುಡಿಯೋಸ್ ಕಾರ್ಟೂನ್ ಘಟಕಕ್ಕೆ ಹಕ್ಕು ಹೋಯಿತು. ಸಿಕ್ಕಿದ್ದು 175 ಡಾಲರ್ ಅಂತ ಹೇಳುತ್ತಾರೆ. 1945ರಲ್ಲಿ ಮೊದಲ ಚಿತ್ರ ಬಂತು. ಅದರಲ್ಲಿ ಗೆಳೆಯರೇ ಸಿಗದ ಕ್ಯಾಸ್ಪರ್ ರೈಲ್ವೆ ಹಳಿ ಮೇಲೆ ಮಲಗಿ ಸಾಯಲು ನೋಡುತ್ತಾನೆ! ದೆವ್ವವಾದ್ದರಿಂದ ರೈಲು ಅವನ ಮೂಲಕ ಹಾದುಹೋಗುತ್ತದೆ. 1948ರ ಇನ್ನೊಂದು ಚಿತ್ರದಲ್ಲಿ ಅವನ ಗೆಳೆಯನಾದ ನರಿಮರಿ ಬೇಟೆಗಾರರಿಂದ ಸತ್ತು, ಆಮೇಲೆ ದೆವ್ವವಾಗಿ ಎದ್ದು ಬರುತ್ತದೆ. ಅಲ್ಲಿ ದೆವ್ವ ಅಂದರೆ ಸತ್ತವರು, ಅನುಮಾನವೇ ಇಲ್ಲ.

ಹಾರ್ವಿ ಕೈಗೆ ಬಂದಮೇಲೆ ಸಾವಿನ ಮಾತೇ ಮಾಯ. ಕ್ಯಾಸ್ಪರ್ ದೆವ್ವದ ಕುಲದಲ್ಲೇ ಹುಟ್ಟಿದವನು, ಅಪ್ಪ ಅಮ್ಮನೂ ದೆವ್ವವೇ. ನಮ್ಮ ಕಥೆಗಳ ಯಕ್ಷ, ಗಂಧರ್ವರಂತೆ ಅದೂ ಒಂದು ಜಾತಿ. ಮಂತ್ರದ ಕಾಡು, ಅಲ್ಲೊಂದು ಮನೆ, ರೇಗುವ ಮೂವರು ದೊಡ್ಡ ದೆವ್ವಗಳು, ಗೆಳತಿ ವೆಂಡಿ, ದೆವ್ವದ ಕುದುರೆ ನೈಟ್‌ಮೇರ್. ಮಗುವನ್ನು ಹೆದರಿಸುವಂಥದ್ದು ಏನೂ ಉಳಿಯಲಿಲ್ಲ. 1995ರ ಸಿನಿಮಾ ಮತ್ತೆ ತಿರುಗಿಸಿತು, ಅಲ್ಲಿ ಅವನು ಕಾಯಿಲೆಯಿಂದ ಸತ್ತ ಹುಡುಗ. ಹಾಗಾಗಿ ಸಿನಿಮಾ ನೋಡಿದವರಿಗೂ ಪುಸ್ತಕ ಓದಿದವರಿಗೂ ಜಗಳ ಆದರೆ ಇಬ್ಬರೂ ಸರಿ.

ರಿಚಿ ರಿಚ್ ಸತ್ತು ಕ್ಯಾಸ್ಪರ್ ಆದ ಅಂತ ಕೇಳಿದ್ದೆ. ನಿಜಾನಾ?

ಸುಳ್ಳು. ಅಮೆರಿಕದ ಒಂದು ಟಿವಿ ಕಾರ್ಟೂನ್‌ನಲ್ಲಿ ಬಂದ ತಮಾಷೆ, ಆಮೇಲೆ ದಂತಕಥೆಯಾಯಿತು. ಇಬ್ಬರೂ ಒಂದೇ ತರ ಕಾಣೋದು ಮಾತ್ರ ಹೌದು. ಅದೇ ದುಂಡು ತಲೆ, ಅದೇ ಉಬ್ಬು ಕೆನ್ನೆ, ತಲೆಗಿಂತ ಚಿಕ್ಕ ಮೈ. ಕ್ಯಾಸ್ಪರ್ ತಲೆಗೆ ಕೂದಲು ಬರೆದರೆ ರಿಚಿ, ಕೊಂಬು ಬರೆದರೆ ಹಾಟ್ ಸ್ಟಫ್. ಒಂದೇ ಕೋಣೆಯ ಕಲಾವಿದರು ಒಂದೇ ಮಾದರಿ ಹಿಡಿದು ಬರೆದರೆ ಇನ್ನೇನಾಗುತ್ತೆ?

ರಿಚಿ ರಿಚ್‌ನ ಹುಟ್ಟಿಸಿದ್ದು ಯಾರು?

ಮೊದಲು ಕಾಣಿಸಿಕೊಂಡಿದ್ದು 1953ರ ಸೆಪ್ಟೆಂಬರ್ ತಾರೀಖಿನ 'ಲಿಟಲ್ ಡಾಟ್' ಒಂದನೇ ಸಂಚಿಕೆಯಲ್ಲಿ, ಅದೂ ಹಿಂದಿನ ಪುಟಗಳ ಸಣ್ಣ ಪಾತ್ರವಾಗಿ. ತನ್ನದೇ ಪತ್ರಿಕೆ ಸಿಗಲು 1960ರವರೆಗೆ ಕಾದ. ಸೃಷ್ಟಿಕರ್ತರು ಅಂತ ಅಲ್ಫ್ರೆಡ್ ಹಾರ್ವಿ ಮತ್ತು ಚಿತ್ರಕಾರ ವಾರೆನ್ ಕ್ರೆಮರ್, ಇಬ್ಬರ ಹೆಸರನ್ನೂ ಹೇಳುತ್ತಾರೆ. ತನ್ನ ಮಗ ರಿಚರ್ಡ್‌ನಿಂದ ಹೆಸರು ಬಂತು ಅಂತ ಕ್ರೆಮರ್ ಹೇಳುತ್ತಿದ್ದರು. ಸಂಪಾದಕ ಸಿಡ್ ಜೇಕಬ್‌ಸನ್ ಪಾಲೂ ಇದೆ ಅನ್ನುವವರಿದ್ದಾರೆ. ಪುಸ್ತಕದಲ್ಲಿ ಯಾರ ಹೆಸರನ್ನೂ ಹಾಕದೆ ಇದ್ದರೆ ಮುಂದೆ ಇಂಥ ಜಗಳ ತಪ್ಪಿದ್ದಲ್ಲ. ರಿಚಿ ಮುಖಕ್ಕೆ, ನಡಿಗೆಗೆ, ಆ ಅರಮನೆಯಂಥ ಮನೆಗೆ ರೂಪ ಕೊಟ್ಟ ಕೈ ಕ್ರೆಮರ್‌ದೇ. ನನ್ನ ಮಟ್ಟಿಗೆ ಅಷ್ಟು ಸಾಕು.

ಕಥೆಗಳೆಲ್ಲ ಒಂದೇ ತರ ಇರುತ್ತೆ. ಹಂಗಿದ್ರೂ ಮಕ್ಕಳು ಯಾಕೆ ಓದ್ತಿದ್ರು?

ಒಂದೇ ತರ ಇದ್ದಿದ್ದಕ್ಕೇ ಓದುತ್ತಿದ್ದರು. ಹಾರ್ವಿ ಗುಟ್ಟು ಇಷ್ಟೇ: ಒಂದು ಪಾತ್ರಕ್ಕೆ ಒಂದೇ ಹುಚ್ಚು. ಡಾಟ್‌ಗೆ ಚುಕ್ಕಿ. ಲೋಟಾಗೆ ಊಟ ಮತ್ತು ಆನೆಬಲ. ರಿಚಿಗೆ ದುಡ್ಡು. ಕ್ಯಾಸ್ಪರ್‌ಗೆ ಗೆಳೆಯರು ಬೇಕು. ಎಂಥ ಕಥೆ ಬಂದರೂ ಸುತ್ತಿ ಸುತ್ತಿ ಅಲ್ಲಿಗೇ ಬರಬೇಕು. ಹೆಚ್ಚಿನ ಕಥೆಗಳು ಐದೇ ಪುಟ. ಮೊದಲ ಚೌಕದಲ್ಲಿ ಸಮಸ್ಯೆ, ಕೊನೆಯ ಚೌಕದಲ್ಲಿ ನಗು. ಇದನ್ನು ಸುಲಭ ಅಂದುಕೊಳ್ಳಬೇಡಿ. ಚುಕ್ಕಿ ಬಗ್ಗೆ ನೂರಾರು ಕಥೆ ಬರೆದು ನೋಡಿ, ಗೊತ್ತಾಗುತ್ತೆ.

ರಿಚಿ ಕಥೆಗಳಲ್ಲಿ ಇನ್ನೊಂದು ಸೊಗಸಿದೆ. ದುಡ್ಡಿನ ಜಂಬ ಅವನಿಗಿಲ್ಲ. ಜಂಬದ ಪಾತ್ರ ಅವನ ಸೋದರಸಂಬಂಧಿ ರೆಗ್ಗಿ ವ್ಯಾನ್ ಡೋಗೆ ಹೋಗಿದೆ. ಗೆಳತಿ ಗ್ಲೋರಿಯಾ ಸಾಮಾನ್ಯ ಮನೆಯವಳು, ದುಬಾರಿ ಉಡುಗೊರೆ ಕೊಟ್ಟರೆ ರೇಗುತ್ತಾಳೆ. ಮನೆಯ ಬಟ್ಲರ್ ಕ್ಯಾಡ್‌ಬರಿ, ಯಂತ್ರದ ಕೆಲಸದಾಕೆ ಐರೋನಾ, ಮೈಮೇಲೆ ಡಾಲರ್ ಗುರುತಿರುವ ನಾಯಿ ಡಾಲರ್. ಓದುವ ಮಗು ರಿಚಿಯನ್ನು ನೋಡಿ ಹೊಟ್ಟೆ ಉರಿದುಕೊಳ್ಳೋದಿಲ್ಲ, ಅವನ ಮನೆಗೆ ಆಡಲು ಹೋಗಬೇಕು ಅಂದುಕೊಳ್ಳುತ್ತೆ.

ಹಾರ್ವಿ ದೆವ್ವದ ಹಾರರ್ ಪುಸ್ತಕವನ್ನೂ ಮಾಡಿತ್ತು ಅಂತಾರೆ. ಅದೇ ಹಾರ್ವಿನಾ?

ಅದೇ. 1951ರಿಂದ 1954ರವರೆಗೆ 'ವಿಚಸ್ ಟೇಲ್ಸ್', 'ಚೇಂಬರ್ ಆಫ್ ಚಿಲ್ಸ್', 'ಟೂಮ್ ಆಫ್ ಟೆರರ್', 'ಬ್ಲ್ಯಾಕ್ ಕ್ಯಾಟ್ ಮಿಸ್ಟರಿ' ಅಂತ ನಾಲ್ಕು ಪತ್ರಿಕೆಗಳು. ಸುಮ್ನೆ ಹೆದರಿಸುವ ಮಟ್ಟದವಲ್ಲ, ಆ ಕಾಲದ ತೀರಾ ಕ್ರೂರವಾದವುಗಳ ಸಾಲಿಗೆ ಸೇರುತ್ತವೆ. 1954ರ ಬ್ಲ್ಯಾಕ್ ಕ್ಯಾಟ್ ಮಿಸ್ಟರಿಯ 50ನೇ ಸಂಚಿಕೆಗೆ ಲೀ ಎಲಿಯಾಸ್ ಬರೆದ ಮುಖಪುಟದಲ್ಲಿ, ರೇಡಿಯಂ ಹಿಡಿದ ಮನುಷ್ಯನ ಮುಖ ಕರಗಿ ಸುರಿಯುತ್ತಿದೆ. ಇವತ್ತಿಗೂ ಸಂಗ್ರಹಕಾರರು ಅದನ್ನು ಹುಡುಕುತ್ತಾರೆ. ಅದೇ ವರ್ಷ ಅದೇ ಕಚೇರಿಯಿಂದ ವೆಂಡಿ ಎಂಬ ಮುದ್ದು ಮಾಟಗಾತಿ ಹೊರಬಂದಳು! ಒಂದು ಮೇಜಿನಲ್ಲಿ ಕರಗುವ ಮುಖ, ಪಕ್ಕದ ಮೇಜಿನಲ್ಲಿ ಪೊರಕೆ ಮೇಲೆ ಕೂತ ಪುಟ್ಟ ಹುಡುಗಿ.

ಹಾಗಾದ್ರೆ ಮಕ್ಕಳ ಕಾಮಿಕ್ಸ್ ಕಡೆ ತಿರುಗಿದ್ದು ಸರ್ಕಾರದ ಭಯದಿಂದಾನಾ?

ಅರ್ಧ ಹೌದು. 1954ರಲ್ಲಿ ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಾರೆ ಅಂತ ಅಮೆರಿಕದಲ್ಲಿ ದೊಡ್ಡ ಗಲಾಟೆ ಎದ್ದಿತು. ಸೆನೆಟ್ ಉಪಸಮಿತಿ ನ್ಯೂಯಾರ್ಕಿನಲ್ಲೇ ವಿಚಾರಣೆ ನಡೆಸಿತು. ಪ್ರಕಾಶಕರು ತಾವೇ ಸಂಘ ಕಟ್ಟಿಕೊಂಡು ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿ ತಂದರು. ಅದರ ಮುದ್ರೆ ಇಲ್ಲದ ಪುಸ್ತಕವನ್ನು ಹಂಚಿಕೆದಾರರು ಮುಟ್ಟುತ್ತಿರಲಿಲ್ಲ. ಹಾರರ್ ಅಲ್ಲಿಗೆ ಸತ್ತಿತು. ಹಾರರ್‌ನಿಂದಲೇ ಬದುಕಿದ್ದ ಎಷ್ಟೋ ಕಂಪನಿಗಳು ಬಾಗಿಲು ಹಾಕಿದವು.

ಆದರೆ ಹಾರ್ವಿ ಅಷ್ಟರಲ್ಲಿ ಇನ್ನೊಂದು ಕಾಲು ಊರಿಯಾಗಿತ್ತು. 1949ರಿಂದ ಸೈನಿಕನ ಪೇಚಾಟದ 'ಸ್ಯಾಡ್ ಸ್ಯಾಕ್' ಓಡುತ್ತಿತ್ತು. ಲಿಟಲ್ ಡಾಟ್ ಹುಟ್ಟಿದ್ದೂ ಅದರ ಪುಟಗಳಲ್ಲೇ. 1952ರಲ್ಲಿ ಸೇಂಟ್ ಜಾನ್ ಎಂಬ ಪ್ರಕಾಶನ ಬಿಟ್ಟ ಕ್ಯಾಸ್ಪರ್, ಲಿಟಲ್ ಆಡ್ರಿ ಮುಂತಾದ ಪ್ಯಾರಮೌಂಟ್ ಪಾತ್ರಗಳು ಬಾಡಿಗೆಗೆ ಬಂದವು. ಹಾರರ್ ಹೋದರೂ ಅಚ್ಚುಯಂತ್ರಕ್ಕೆ ಕೆಲಸ ಇತ್ತು. ಕೋಡ್ ಅವರಿಗೆ ಲಾಭವನ್ನೇ ಮಾಡಿತು ಅಂತ ನನಗನ್ನಿಸುತ್ತೆ. ಕ್ಯಾಸ್ಪರ್ ಕಥೆಯಲ್ಲಿ ಸೆನ್ಸಾರ್ ಮಾಡುವಂಥದ್ದು ಏನಿದೆ ಹೇಳಿ?

ಚಂದ್ರಯಾತ್ರೆಗೂ ಕ್ಯಾಸ್ಪರ್‌ಗೂ ಏನು ಸಂಬಂಧ?

1972ರ ಅಪೋಲೋ 16 ನೌಕೆಯ ಕಮಾಂಡ್ ಮಾಡ್ಯೂಲ್ ಹೆಸರು ಕ್ಯಾಸ್ಪರ್. ಟಿವಿ ಪರದೆಯಲ್ಲಿ ಬಿಳಿ ಉಡುಪಿನ ಗಗನಯಾತ್ರಿಗಳು ಆ ಪುಟ್ಟ ದೆವ್ವದ ತರ ಕಾಣುತ್ತಾರೆ ಅಂತ ಇಟ್ಟ ಹೆಸರು.

## ಕಂಪನಿಯ ಒಳಗೆ

ಪುಸ್ತಕದಲ್ಲಿ ಚಿತ್ರ ಬರೆದವರ ಹೆಸರೇ ಇಲ್ವಲ್ಲ, ಯಾಕೆ?

ಆ ಕಾಲದ ರೂಢಿ ಅದು. ಹಾರ್ವಿಯಲ್ಲಿ ಇನ್ನೂ ಜಾಸ್ತಿ. ಬರೆದವರು ಪುಟಕ್ಕಿಷ್ಟು ಅಂತ ದುಡ್ಡು ತೆಗೆದುಕೊಂಡು ಹೋಗಬೇಕು. ಪಾತ್ರ, ಕಥೆ, ಚಿತ್ರ ಎಲ್ಲ ಕಂಪನಿಯದು. ಕ್ಯಾಸ್ಪರ್ ಕೆಳಗೆ ಇವತ್ತು ಒಂದು ಸಹಿ, ನಾಳೆ ಇನ್ನೊಂದು ಸಹಿ ಬೇಡ, ಕ್ಯಾಸ್ಪರ್ ಎಂದೂ ಹಾರ್ವಿಯ ಕ್ಯಾಸ್ಪರ್ ಆಗಿಯೇ ಇರಲಿ ಅನ್ನೋ ಲೆಕ್ಕ.

ಹಾಗಾಗಿ ಈ ಹೆಸರುಗಳನ್ನು ನಾವೇ ನೆನಪಿಡಬೇಕು. ವಾರೆನ್ ಕ್ರೆಮರ್ ಸುಮಾರು ಮೂವತ್ತೈದು ವರ್ಷ ಅಲ್ಲಿದ್ದರು. ಹಾರರ್ ಮುಖಪುಟಗಳ ವಿನ್ಯಾಸದಿಂದ ಹಿಡಿದು ಹಾಟ್ ಸ್ಟಫ್‌ವರೆಗೆ ಅವರ ಕೈ ಇದೆ. ಪೋರ್ಟೊರಿಕೋ ಮೂಲದ ಎರ್ನಿ ಕೋಲೋನ್ ರಿಚಿ, ಕ್ಯಾಸ್ಪರ್ ಬರೆದರು. ಹೋವಿ ಪೋಸ್ಟ್ ಇನ್ನೊಬ್ಬರು. 1952ರಲ್ಲಿ ಸೇರಿದ ಸಿಡ್ ಜೇಕಬ್‌ಸನ್ ಕಥೆಗಳನ್ನು ತಿದ್ದಿ, ಹೇಳಿ ಬರೆಸಿ, ತಾವೂ ಬರೆದರು. ಎಷ್ಟೋ ವರ್ಷದ ನಂತರ, 2006ರಲ್ಲಿ, ಇದೇ ಜೇಕಬ್‌ಸನ್ ಮತ್ತು ಕೋಲೋನ್ ಜೋಡಿ ಸೆಪ್ಟೆಂಬರ್ 11ರ ದಾಳಿಯ ಸರ್ಕಾರಿ ತನಿಖಾ ವರದಿಯನ್ನು ಚಿತ್ರಪುಸ್ತಕವಾಗಿ ಮಾಡಿತು. ರಿಚಿ ರಿಚ್ ಬರೆದ ಕೈಗಳೇ ಅವು ಅಂತ ಓದುಗರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ.

ಬಾಡಿಗೆಗೆ ತಂದ ಕ್ಯಾಸ್ಪರ್ ಸ್ವಂತದ್ದಾಗಿದ್ದು ಯಾವಾಗ?

1959ರಲ್ಲಿ. ಪ್ಯಾರಮೌಂಟ್ ತನ್ನ ಕಾರ್ಟೂನ್ ಪಾತ್ರಗಳನ್ನು ಮಾರಲು ಹೊರಟಾಗ ಹಾರ್ವಿ ಸಹೋದರರು ಕ್ಯಾಸ್ಪರ್, ಆಡ್ರಿ, ಬೇಬಿ ಹ್ಯೂಯಿ, ಹರ್ಮನ್ ಮತ್ತು ಕ್ಯಾಟ್‌ನಿಪ್ ಎಲ್ಲವನ್ನೂ ಕೊಂಡರು. ಜೊತೆಗೆ 1950ರ ಅಕ್ಟೋಬರ್ ನಂತರ ತಯಾರಾದ ಕಿರುಚಿತ್ರಗಳೂ ಬಂದವು. ಅವನ್ನೇ 'ಹಾರ್ವಿಟೂನ್ಸ್' ಅಂತ ಹೆಸರು ಬದಲಿಸಿ ಟಿವಿಗೆ ಕೊಟ್ಟರು. ಅದೇ ವರ್ಷ ಎಬಿಸಿ ವಾಹಿನಿಯಲ್ಲಿ ಗೊಂಬೆ ಕಂಪನಿ ಮ್ಯಾಟೆಲ್ ಪ್ರಾಯೋಜಕತ್ವದಲ್ಲಿ ಪ್ರಸಾರ ಶುರು. 1963ರಲ್ಲಿ ಹೊಸ ಕ್ಯಾಸ್ಪರ್ ಕಾರ್ಟೂನ್‌ಗಳೂ ಬಂದವು.

ಕಂಪನಿಯ ಇತಿಹಾಸದಲ್ಲಿ ಇದೇ ಅತಿ ಜಾಣ ನಡೆ. ಟಿವಿ ನೋಡಿದ ಮಗು ಪುಸ್ತಕ ಕೇಳುತ್ತಿತ್ತು, ಪುಸ್ತಕ ಓದಿದ ಮಗು ಟಿವಿ ಮುಂದೆ ಕೂರುತ್ತಿತ್ತು. ಗೊಂಬೆ, ಮುಖವಾಡ, ಹ್ಯಾಲೋವೀನ್ ಉಡುಪು ಎಲ್ಲದರಿಂದಲೂ ದುಡ್ಡು. ಮುಂದೆ ಪುಸ್ತಕ ನಿಂತಾಗಲೂ ಕಂಪನಿಗೆ ಬೆಲೆ ಉಳಿದಿದ್ದು ಈ ಒಂದು ಖರೀದಿಯಿಂದ.

ರಿಚಿ ರಿಚ್ ಹೆಸರಲ್ಲಿ ಅಷ್ಟೊಂದು ಬೇರೆ ಬೇರೆ ಪತ್ರಿಕೆ ಯಾಕಿತ್ತು?

ಮಿಲಿಯನ್ಸ್, ಡಾಲರ್ಸ್ ಆ್ಯಂಡ್ ಸೆಂಟ್ಸ್, ಸಕ್ಸೆಸ್ ಸ್ಟೋರೀಸ್, ಹೀಗೆ ಒಟ್ಟು ಐವತ್ತಕ್ಕೂ ಹೆಚ್ಚು ಹೆಸರುಗಳಲ್ಲಿ ರಿಚಿ ಬಂದಿದ್ದಾನೆ. ಮುಖ್ಯ ಪತ್ರಿಕೆ ಒಂದೇ 254 ಸಂಚಿಕೆ ಕಂಡಿತು. ಲೆಕ್ಕ ಸರಳ. ಅಂಗಡಿಯ ಕಪಾಟಿನಲ್ಲಿ ಜಾಸ್ತಿ ಜಾಗ ಹಿಡಿದವನಿಗೆ ಜಾಸ್ತಿ ಮಾರಾಟ. ಹೊಸ ಪಾತ್ರ ತಂದರೆ ಓಡುತ್ತೋ ಇಲ್ವೋ ಗೊತ್ತಿಲ್ಲ. ರಿಚಿ ಓಡುತ್ತಾನೆ ಅಂತ ಗೊತ್ತಿದೆ. ಹಾಗಾಗಿ ರಿಚಿಯನ್ನೇ ಮತ್ತೆ ಮತ್ತೆ ಇಳಿಸಿದರು. 1970ರ ದಶಕದಲ್ಲಿ ಇದು ಅತಿಯಾಯಿತು. ಡಾಟ್, ಲೋಟಾ ಒಬ್ಬೊಬ್ಬರೇ ಹಿಂದೆ ಸರಿದರು, ಹಳೆ ಕಥೆಗಳ ಮರುಮುದ್ರಣ ಹೆಚ್ಚಾಯಿತು. 1980ರಲ್ಲಿ ಹ್ಯಾನಾ-ಬಾರ್ಬೆರಾ ರಿಚಿಯನ್ನು ಟಿವಿಗೂ ತಂದಿತು. ಆ ಬಲವೂ ಹೆಚ್ಚು ದಿನ ನಿಲ್ಲಲಿಲ್ಲ.

## ಕುಸಿತ, ಕೋರ್ಟು, ಮಾರಾಟ

ಅಷ್ಟು ಓಡ್ತಿದ್ದ ಕಂಪನಿ 1982ರಲ್ಲಿ ನಿಂತಿದ್ದು ಯಾಕೆ?

ಎರಡು ಏಟು ಒಟ್ಟಿಗೆ ಬಿದ್ದವು. ಒಂದು ಹೊರಗಿನದು. ಹಾರ್ವಿ ಪುಸ್ತಕ ಮಾರಾಟವಾಗುತ್ತಿದ್ದಿದ್ದು ಔಷಧಿ ಅಂಗಡಿ, ದಿನಸಿ ಅಂಗಡಿ, ಪತ್ರಿಕೆ ಸ್ಟಾಲುಗಳಲ್ಲಿ. ಅಮ್ಮ ಸಾಮಾನು ಕೊಳ್ಳುವಾಗ ಮಗು ಕಾಮಿಕ್ಸ್ ತಿರುವುತ್ತಿತ್ತು. ಅಂಥ ಅಂಗಡಿಗಳಿಗೆ ಕಡಿಮೆ ಬೆಲೆಯ ಕಾಮಿಕ್ಸ್ ಇಡೋದರಲ್ಲಿ ಲಾಭ ಕಾಣಲಿಲ್ಲ. ಅದೇ ಹೊತ್ತಿಗೆ ಕಾಮಿಕ್ಸ್ ಮಾತ್ರ ಮಾರುವ ಅಂಗಡಿಗಳು ಬೆಳೆದವು. ಅಲ್ಲಿಗೆ ಬರುವವರು ದೊಡ್ಡ ಹುಡುಗರು, ಅವರಿಗೆ ಬೇಕಿದ್ದು ಸೂಪರ್‌ಹೀರೋ. ಐದು ವರ್ಷದ ಮಗು ಅಂಥ ಅಂಗಡಿ ಮೆಟ್ಟಿಲು ಹತ್ತೋದಿಲ್ಲ.

ಇನ್ನೊಂದು ಮನೆಯೊಳಗಿನದು. ಸಹೋದರರ ನಡುವೆ ಮನಸ್ತಾಪ ಬೆಳೆದಿತ್ತು, ಮುಂದಿನ ತಲೆಮಾರಿಗೂ ಅದು ದಾಟಿತು. ನಮ್ಮಲ್ಲೂ ಅಣ್ಣತಮ್ಮಂದಿರ ಅಂಗಡಿ ನೋಡಿದವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಏಟನ್ನು ಆರ್ಚಿ ಕಾಮಿಕ್ಸ್ ತಡೆದುಕೊಂಡಿತು. ಅದೂ ಕುಟುಂಬದ್ದೇ ಕಂಪನಿ, ದಿನಸಿ ಅಂಗಡಿಯ ಕೌಂಟರಿನಲ್ಲಿ ಸಣ್ಣ ಡೈಜೆಸ್ಟ್ ಇಟ್ಟು ಉಳಿದುಕೊಂಡಿತು. ಹಾರ್ವಿಯಲ್ಲಿ ಅಂಥದ್ದೊಂದು ನಿರ್ಧಾರಕ್ಕೆ ಎಲ್ಲರೂ ಒಂದೇ ಮೇಜಿಗೆ ಬರೋದೇ ಕಷ್ಟವಾಯಿತು ಅನ್ನೋದು ನನ್ನ ಅಂದಾಜು.

ಗೋಸ್ಟ್‌ಬಸ್ಟರ್ಸ್ ಸಿನಿಮಾ ಮೇಲೆ ಕೇಸ್ ಹಾಕಿ ಸೋತಿದ್ದು ಯಾಕೆ?

1984ರ ಆ ಸಿನಿಮಾದ ಲಾಂಛನ ನೆನಪಿದೆಯಲ್ಲ, ಕೆಂಪು ವೃತ್ತದಲ್ಲಿ ಸಿಕ್ಕಿಕೊಂಡ ಬಿಳಿ ದೆವ್ವ? ಅದು ಕ್ಯಾಸ್ಪರ್ ಜೊತೆಗಿರುವ ಮೂವರು ದೆವ್ವಗಳಲ್ಲಿ ದಪ್ಪಗಿರುವ ಫ್ಯಾಟ್‌ಸೋ ತರ ಇದೆ ಅಂತ ಹಾರ್ವಿ ಕೊಲಂಬಿಯಾ ಪಿಕ್ಚರ್ಸ್ ಮೇಲೆ 5 ಕೋಟಿ ಡಾಲರ್ ದಾವೆ ಹೂಡಿತು. 1986ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ಕೊಲಂಬಿಯಾ ಪರ ತೀರ್ಪು ಕೊಟ್ಟಿತು.

ಒಂದು ಕಾರಣ ನಗು ತರಿಸುತ್ತೆ: ಕಾರ್ಟೂನ್ ದೆವ್ವವನ್ನು ಬರೆಯಲು ಇರುವ ದಾರಿಗಳೇ ಕೆಲವು, ಹಾಗಾಗಿ ಹೋಲಿಕೆ ಸಹಜ. ಇನ್ನೊಂದು ಕಾರಣ ಅಳು ತರಿಸುತ್ತೆ. ಅಮೆರಿಕದ ಹಳೆ ಕಾನೂನಿನಲ್ಲಿ ಕಾಪಿರೈಟ್ ಮೊದಲ ಅವಧಿ 28 ವರ್ಷ. ಆ ಕೊನೆಯ ವರ್ಷದಲ್ಲಿ ಅರ್ಜಿ ಹಾಕಿ ನವೀಕರಿಸಬೇಕಿತ್ತು. ಮರೆತರೆ ಅದು ಎಲ್ಲರ ಸ್ವತ್ತು. ಕ್ಯಾಸ್ಪರ್‌ನ ಶುರುವಿನ ಸಂಚಿಕೆಗಳ ಹಕ್ಕನ್ನು ಹಾರ್ವಿ ನವೀಕರಿಸಿರಲಿಲ್ಲ. ಪಾತ್ರಗಳ ಮೇಲೆಯೇ ಬದುಕುವ ಕಂಪನಿ ಪಾತ್ರದ ಕಾಗದಪತ್ರವನ್ನೇ ಬಿಟ್ಟುಬಿಡೋದು ಅಂದ್ರೆ!

ಮಾರ್ವೆಲ್ ಮೇಲೂ ಕೇಸ್ ಇತ್ತಂತೆ?

ಇತ್ತು. ಹಾರ್ವಿ ನಿಂತಮೇಲೆ ಜೇಕಬ್‌ಸನ್, ಕ್ರೆಮರ್ ಮುಂತಾದವರು ಮಾರ್ವೆಲ್ ಶುರು ಮಾಡಿದ 'ಸ್ಟಾರ್ ಕಾಮಿಕ್ಸ್' ಎಂಬ ಮಕ್ಕಳ ವಿಭಾಗಕ್ಕೆ ಹೋದರು. ಅಲ್ಲಿ 'ರಾಯಲ್ ರಾಯ್' ಅಂತ ಒಬ್ಬ ಸಿರಿವಂತ ರಾಜಕುಮಾರ ಬಂದ. ರಿಚಿಯ ನಕಲು ಅಂತ ಹಾರ್ವಿ ದಾವೆ ಹಾಕಿತು. ಆರು ಸಂಚಿಕೆಗೆ ರಾಯ್ ನಿಂತುಹೋದ, ಜಗಳವೂ ಅಲ್ಲಿಗೆ ಮುಗಿಯಿತು. ರಿಚಿಗೆ ರೂಪ ಕೊಟ್ಟ ಕೈಗಳ ಮೇಲೆಯೇ ರಿಚಿಯನ್ನು ಕದ್ದ ಆರೋಪ. ಕಾನೂನಿನ ಪ್ರಕಾರ ಸರಿ ಇರಬಹುದು, ಕೇಳಲು ವಿಚಿತ್ರ.

ಕುಟುಂಬದ ಕೈಯಿಂದ ಹೋಗಿದ್ದು ಯಾವಾಗ? ಈಗ ಯಾರದು?

1986ರಲ್ಲಿ ಅಲ್ಫ್ರೆಡ್‌ರ ಹಿರಿಯ ಮಗ ಆಲನ್ ಹಾರ್ವಿ ಮುಂದಾಳತ್ವದಲ್ಲಿ ಪುಸ್ತಕಗಳು ಮತ್ತೆ ಶುರುವಾದವು. ಹೆಚ್ಚಿನವು ಮರುಮುದ್ರಣ. 1989ರಲ್ಲಿ ಜೆಫ್ರಿ ಮಾಂಟ್‌ಗಮರಿ ಎಂಬ ಉದ್ಯಮಿಯ ಎಚ್‌ಎಂಎಚ್ ಕಂಪನಿಗೆ ಮಾರಾಟವಾಯಿತು. ಅಲ್ಲಿಗೆ ಅದು ನ್ಯೂಯಾರ್ಕಿನ ಪ್ರಕಾಶನವಾಗಿ ಉಳಿಯಲಿಲ್ಲ, ಕ್ಯಾಲಿಫೋರ್ನಿಯಾದ ಮನರಂಜನಾ ಕಂಪನಿಯಾಯಿತು. 1994ರಲ್ಲಿ ರಿಚಿ ಸಿನಿಮಾ, 1995ರಲ್ಲಿ ಕ್ಯಾಸ್ಪರ್ ಸಿನಿಮಾ. ಅಲ್ಫ್ರೆಡ್ ಹಾರ್ವಿ 1994ರ ಜುಲೈನಲ್ಲಿ ತೀರಿಕೊಂಡರು, ಎರಡನ್ನೂ ಪರದೆ ಮೇಲೆ ನೋಡಲಾಗಲಿಲ್ಲ. ಪಾತ್ರಗಳು 2001ರಲ್ಲಿ ಕ್ಲಾಸಿಕ್ ಮೀಡಿಯಾಗೆ ಹೋದವು, 2012ರಲ್ಲಿ ಅದನ್ನು ಡ್ರೀಮ್‌ವರ್ಕ್ಸ್ ಕೊಂಡಿತು, 2016ರಲ್ಲಿ ಡ್ರೀಮ್‌ವರ್ಕ್ಸ್‌ನ್ನೇ ಎನ್‌ಬಿಸಿ ಯೂನಿವರ್ಸಲ್ ಕೊಂಡಿತು. ಸ್ಯಾಡ್ ಸ್ಯಾಕ್, ಬ್ಲ್ಯಾಕ್ ಕ್ಯಾಟ್ ಮಾತ್ರ 1989ರ ಮಾರಾಟದಲ್ಲಿ ಸೇರಲಿಲ್ಲ. ಅವನ್ನು ಇಟ್ಟುಕೊಂಡು ಕುಟುಂಬದವರು ಲಾರ್ನ್-ಹಾರ್ವಿ ಹೆಸರಲ್ಲಿ 1990ರ ದಶಕದಲ್ಲಿ ಒಂದಿಷ್ಟು ಪುಸ್ತಕ ತಂದರು.

ನಮ್ಮ ಚಂದಮಾಮದ ಕಥೆಯೂ ಹೀಗೇ ಅಲ್ವಾ?

ಸ್ವಲ್ಪ ಮಟ್ಟಿಗೆ. ಚಂದಮಾಮ ಕಾಮಿಕ್ಸ್ ಅಲ್ಲ, ಚಿತ್ರಗಳಿದ್ದ ಕಥಾಪತ್ರಿಕೆ. 1947ರಲ್ಲಿ ಮದ್ರಾಸಿನಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿ ತೆಲುಗು, ತಮಿಳಿನಲ್ಲಿ ಶುರು ಮಾಡಿದರು, ಕನ್ನಡಕ್ಕೆ 1949ರಲ್ಲಿ ಬಂತು. ಅದೂ ಮನೆತನದ ಕೈಯಲ್ಲಿ ಬೆಳೆಯಿತು. 1998ರಲ್ಲಿ ಕಾರ್ಮಿಕರ ವಿವಾದದಿಂದ ನಿಂತು, ಮರುವರ್ಷ ಮತ್ತೆ ಶುರುವಾಗಿ, 2007ರಲ್ಲಿ ಜಿಯೋಡೆಸಿಕ್ ಎಂಬ ತಂತ್ರಜ್ಞಾನ ಕಂಪನಿಗೆ ಹೋಯಿತು. ಕೆಲವೇ ವರ್ಷಕ್ಕೆ ಪೂರ್ತಿ ನಿಂತಿತು. ದೊಡ್ಡ ವ್ಯತ್ಯಾಸ ಒಂದಿದೆ. ಹಾರ್ವಿಯಲ್ಲಿ ಮಾರಲು ಪಾತ್ರಗಳಿದ್ದವು, ಪುಸ್ತಕ ಇಲ್ಲದೆಯೂ ಕ್ಯಾಸ್ಪರ್ ಬದುಕುತ್ತಾನೆ. ಚಂದಮಾಮದ ಬಲ ಇದ್ದಿದ್ದು ಜನಪದ, ಪುರಾಣದ ಕಥೆಗಳಲ್ಲಿ ಮತ್ತು ಚಿತ್ರಕಾರರ ಕೈಯಲ್ಲಿ. ವಿಕ್ರಮ ಬೇತಾಳರ ಮೇಲೆ ಯಾರು ಹಕ್ಕು ಹೇಳಲು ಸಾಧ್ಯ?

ಈಗ ಓದಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

ಡಾರ್ಕ್ ಹಾರ್ಸ್ ಪ್ರಕಾಶನ 2007ರಿಂದ 2009ರ ನಡುವೆ ಐದು ದಪ್ಪ ಸಂಪುಟ ತಂದಿತು: ಕ್ಯಾಸ್ಪರ್, ರಿಚಿ, ಹಾಟ್ ಸ್ಟಫ್, ಬೇಬಿ ಹ್ಯೂಯಿ, ಮತ್ತು ಡಾಟ್, ಲೋಟಾ, ಆಡ್ರಿ ಸೇರಿದ ಹುಡುಗಿಯರ ಸಂಪುಟ. ಹೆಚ್ಚಿನ ಪುಟಗಳು ಕಪ್ಪು ಬಿಳುಪು. ಬಣ್ಣ ಇಲ್ಲ ಅಂತ ಬೇಜಾರಾದರೂ ಕ್ರೆಮರ್ ಗೆರೆ ಚೆನ್ನಾಗಿ ಕಾಣುತ್ತೆ. ನನ್ನ ಮಾತು ಕೇಳುವುದಾದರೆ ಹಾಟ್ ಸ್ಟಫ್‌ನಿಂದ ಶುರು ಮಾಡಿ. ಹಾರ್ವಿ ಕಲಾವಿದರು ಅತಿ ಖುಷಿಯಿಂದ ಬರೆದಿದ್ದು ಅದನ್ನೇ ಅನ್ನಿಸುತ್ತೆ, ಕೋಪದ ಮರಿಗೆ ಐದು ಪುಟದಲ್ಲಿ ಏನೆಲ್ಲ ಮಾಡಲು ಬರುತ್ತೆ ನೋಡಿ. ಲೋಟಾ ಕಥೆಗಳಲ್ಲಿ ದಪ್ಪ ಮೈ ಬಗ್ಗೆ ಮಾಡಿದ ತಮಾಷೆ ಇವತ್ತು ಕೆಲವು ಕಡೆ ಚುಚ್ಚುತ್ತೆ. ಮಕ್ಕಳಿಗೆ ಕೊಡುವ ಮೊದಲು ಒಂದು ಸಲ ತಿರುವಿ ನೋಡಿ.

ಅಟ್ಟದ ಮೇಲೆ ಹಳೆ ರಿಚಿ ರಿಚ್ ಸಿಕ್ಕಿದೆ. ಬೆಲೆ ಬರುತ್ತಾ?

ಹೆಚ್ಚಾಗಿ ಇಲ್ಲ. 1953ರ ಲಿಟಲ್ ಡಾಟ್ ಒಂದನೇ ಸಂಚಿಕೆ, 1950ರ ದಶಕದ ಕ್ಯಾಸ್ಪರ್, ಹಾರರ್ ಪತ್ರಿಕೆಗಳು ಇವಕ್ಕೆ ನಿಜವಾದ ಬೆಲೆ ಇದೆ. ನಮ್ಮ ಮನೆಗಳಲ್ಲಿ ಸಿಗೋದು 1970, 80ರ ದಶಕದವು. ಅವು ಲೆಕ್ಕವಿಲ್ಲದಷ್ಟು ಅಚ್ಚಾಗಿವೆ, ಮೇಲೆ ನಮ್ಮಲ್ಲಿಗೆ ಬರುವ ಹೊತ್ತಿಗೆ ಮುಖಪುಟ ಹೋಗಿರುತ್ತೆ, ಲೈಬ್ರರಿ ಸೀಲು ಬಿದ್ದಿರುತ್ತೆ. ಒಳಗಿನ ಮೊದಲ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ತಿಂಗಳು, ವರ್ಷ, ಸಂಚಿಕೆ ಸಂಖ್ಯೆ ಇರುತ್ತೆ, ಅದನ್ನು ನೋಡಿಕೊಳ್ಳಿ. ಇಟ್ಟುಕೊಳ್ಳುವುದಾದರೆ ಬಿಸಿಲು, ತೇವ ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಿ. ಹರಿದ ಕಡೆ ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ, ಅದರ ಅಂಟು ಕಾಗದವನ್ನು ಕಂದು ಮಾಡಿಬಿಡುತ್ತೆ.